ತೈಲಬಾವಿಯ ಕೊಳೆನೀರಿಗೆ ಯಾವ ಖನಿಜ? ಬೆಂಟೊನೈಟ್, ಜಿಯೋಲೈಟ್ ಮತ್ತು ಉಳಿದವುಗಳ ಹೋಲಿಕೆ

ನೀರಿನ ಕೊಳೆಯನ್ನು ಹೀರಿಕೊಳ್ಳುವ ಖನಿಜಗಳ, ಅಂದರೆ ಹೀರುಖನಿಜಗಳ, ಮಾಹಿತಿಪತ್ರ ತೆರೆದರೆ ಮೊದಲು ಕಣ್ಣಿಗೆ ರಾಚುವುದು ಮೇಲ್ಮೈ ವಿಸ್ತೀರ್ಣದ ಅಂಕಿ. ಬೆಂಟೊನೈಟ್ ಜೇಡಿಯ ಮುಖ್ಯ ಖನಿಜ ಮಾಂಟ್‌ಮೊರಿಲ್ಲೊನೈಟ್. ಅದರ ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ ಒಂದು ಗ್ರಾಂಗೆ 700 ಚದರ ಮೀಟರ್ ದಾಟುತ್ತದೆ. ಕೇಳುವುದಕ್ಕೆ ಭರ್ಜರಿಯಾಗಿದೆ. ಅದೇ ಜೇಡಿಯನ್ನು ತೈಲಬಾವಿಯ ನೀರಿಗೆ ಹಾಕಿ, ಕಲಕಿ, ಸೋಸಿ ನೋಡಿ. ನೀರಿನಲ್ಲಿ ಕರಗಿದ್ದ ಬೆಂಜೀನ್ ಹೆಚ್ಚುಕಡಿಮೆ ಅಲ್ಲೇ ಉಳಿದಿರುತ್ತದೆ. ಅಷ್ಟು ವಿಶಾಲವಾದ ಮೇಲ್ಮೈಯನ್ನು ನೀರಿನ ಅಣುಗಳೇ ಮೊದಲು ಬಂದು ಆಕ್ರಮಿಸಿಕೊಂಡಿರುತ್ತವೆ, ಬೆಂಜೀನ್‌ಗೆ ಜಾಗ ಸಿಗುವುದಿಲ್ಲ.

ಹಾಗಾಗಿ ಇಲ್ಲಿ ಖನಿಜಗಳನ್ನು ವಿಸ್ತೀರ್ಣದಿಂದ ಅಳೆಯುವುದನ್ನು ಬಿಟ್ಟು ಎರಡು ಪ್ರಶ್ನೆಗಳಿಂದ ಅಳೆಯುತ್ತೇನೆ. ನಿಮ್ಮ ನೀರಿನಲ್ಲಿರುವ ಮಾಲಿನ್ಯ ಯಾವ ರೂಪದಲ್ಲಿದೆ? ಖನಿಜ ತುಂಬಿದ ಮೇಲೆ ಅದನ್ನು ಏನು ಮಾಡುತ್ತೀರಿ? ಈ ಎರಡಕ್ಕೆ ಉತ್ತರ ಸಿಕ್ಕರೆ ಆಯ್ಕೆಯ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.

ನೀರಿನಲ್ಲಿ ಇರುವುದೇನು

ತೈಲದ ಜೊತೆಗೆ ಭೂಗರ್ಭದಿಂದ ಮೇಲೆ ಬರುವ ನೀರು ಸಾಮಾನ್ಯವಾಗಿ ತೈಲಕ್ಕಿಂತ ಹೆಚ್ಚು. ಬಾವಿ ಹಳೆಯದಾದಷ್ಟೂ ನೀರಿನ ಪಾಲು ಏರುತ್ತದೆ, ಮೇಲೆ ಬರುವುದರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ನೀರೇ ಆಗಿರುವ ಬಾವಿಗಳೂ ಇವೆ. ಅದರಲ್ಲಿರುವ ಸಾವಯವ ವಸ್ತುಗಳನ್ನು ಸ್ಥೂಲವಾಗಿ ಮೂರು ಗುಂಪು ಮಾಡಬಹುದು.

ಮೊದಲನೆಯದು ಹನಿಗಳಾಗಿ ತೇಲುವ ಎಣ್ಣೆ. ಇದು ಕಣ್ಣಿಗೆ ಕಾಣುತ್ತದೆ, ಕಾನೂನಿಗೂ ಕಾಣುತ್ತದೆ. ಈಶಾನ್ಯ ಅಟ್ಲಾಂಟಿಕ್ ಸಮುದ್ರಕ್ಕೆ ಅನ್ವಯಿಸುವ ಆಸ್ಪಾರ್ ಒಪ್ಪಂದದ ಮಿತಿ ಲೀಟರಿಗೆ 30 ಮಿಲಿಗ್ರಾಂ. ಮೆಕ್ಸಿಕೊ ಕೊಲ್ಲಿಯಲ್ಲಿ ಅಮೆರಿಕದ ನಿಯಮದಂತೆ ತಿಂಗಳ ಸರಾಸರಿ 29, ಯಾವುದೇ ಒಂದು ದಿನದ ಗರಿಷ್ಠ 42.

ಎರಡನೆಯದು ಕರಗಿದ ತಟಸ್ಥ ಅಣುಗಳು: ಬೆಂಜೀನ್, ಟಾಲ್ವೀನ್, ಈಥೈಲ್‌ಬೆಂಜೀನ್, ಕ್ಸೈಲೀನ್. ಈ ನಾಲ್ಕನ್ನೂ ಸೇರಿಸಿ ಬಿಟೆಕ್ಸ್ ಎನ್ನುತ್ತಾರೆ. ಜೊತೆಗೆ ನ್ಯಾಫ್ತಲೀನ್ ಮತ್ತು ಅದರ ದೊಡ್ಡ ಬಂಧುಗಳಿರುತ್ತವೆ. ಮೂರನೆಯದು ಫೀನಾಲ್‌ಗಳು, ಅಸಿಟಿಕ್ ಆಮ್ಲದಂಥ ಸಣ್ಣ ಆಮ್ಲಗಳು, ನ್ಯಾಫ್ತೆನಿಕ್ ಆಮ್ಲಗಳು. ಇವುಗಳಲ್ಲಿ ಆಮ್ಲಗಳು ಬಾವಿನೀರಿನ ಸಾಮಾನ್ಯ ಪಿಎಚ್‌ನಲ್ಲಿ, ಅಂದರೆ 6ರಿಂದ 8ರ ನಡುವೆ, ಬಹುಪಾಲು ಋಣ ಆವೇಶ ಹೊತ್ತು ತಿರುಗುತ್ತವೆ. ಅಸಿಟಿಕ್ ಆಮ್ಲದ ಪಿಕೆಎ (ಅರ್ಧದಷ್ಟು ಅಣುಗಳು ಆವೇಶ ಪಡೆದಿರುವ ಪಿಎಚ್ ಮಟ್ಟ) 4.76 ಇರುವುದೇ ಇದಕ್ಕೆ ಕಾರಣ. ಫೀನಾಲ್‌ನ ಪಿಕೆಎ ಸುಮಾರು 10, ಆದ್ದರಿಂದ ಅದು ತಟಸ್ಥವಾಗಿಯೇ ಉಳಿಯುತ್ತದೆ. ಆದರೆ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ಹಿಡಿಯಲು ಕಷ್ಟ.

ಇಲ್ಲೊಂದು ಕಿರಿಕಿರಿಯ ಸಂಗತಿಯಿದೆ. ಎಣ್ಣೆ ಮತ್ತು ಗ್ರೀಸ್ ಎಷ್ಟಿದೆ ಎಂದು ಅಳೆಯಲು ಅಮೆರಿಕದಲ್ಲಿ ಬಳಸುವ 1664ನೇ ವಿಧಾನದಲ್ಲಿ ನೀರನ್ನು ಹೆಕ್ಸೇನ್ ಎಂಬ ದ್ರಾವಕದಿಂದ ತೊಳೆದು, ಹೆಕ್ಸೇನನ್ನು ಆವಿ ಮಾಡಿ, ಉಳಿದದ್ದನ್ನು ತೂಗುತ್ತಾರೆ. ಆ ಆವಿಯ ಜೊತೆಗೆ ಬೆಂಜೀನೂ ಹಾರಿಹೋಗುತ್ತದೆ. ಎಣ್ಣೆಯ ವರದಿ ಚೊಕ್ಕಟವಾಗಿದ್ದ ಮಾತ್ರಕ್ಕೆ ನೀರಿನಲ್ಲಿ ಬೆಂಜೀನ್ ಇಲ್ಲ ಎಂದು ಹೇಳಲಾಗದು. ಖನಿಜ ಆರಿಸುವವರ ಕೈಯಲ್ಲಿ ಬಹಳ ಸಲ ಇರುವುದು ಈ ಒಂದೇ ವರದಿ. ಬಿಟೆಕ್ಸ್‌ಗೆ ಪ್ರತ್ಯೇಕ ಪರೀಕ್ಷೆ, ಒಟ್ಟು ಸಾವಯವ ಇಂಗಾಲದ ಅಳತೆ, ಸಾಧ್ಯವಾದರೆ ಆಮ್ಲಗಳ ವಿವರ, ಇವಿಷ್ಟು ಇಲ್ಲದೆ ಮುಂದುವರಿಯುವುದು ಕತ್ತಲಲ್ಲಿ ಕೈಯಾಡಿಸಿದಂತೆ. ಅನಿಲ ಬಾವಿಗಳ ನೀರಿನಲ್ಲಿ ಬಿಟೆಕ್ಸ್ ಪ್ರಮಾಣ ತೈಲಬಾವಿಗಳ ನೀರಿಗಿಂತ ಸಾಮಾನ್ಯವಾಗಿ ಹೆಚ್ಚು ಎಂಬುದನ್ನೂ ನೆನಪಿಡಿ.

ಖನಿಜಕ್ಕೆ ಮೊದಲಿನ ಕೆಲಸ

ಯಾವ ಹೀರುಖನಿಜವನ್ನೇ ಆರಿಸಿ, ಅದರ ಮುಂದೆ ಯಂತ್ರಗಳ ಸಾಲು ಇರಲೇಬೇಕು. ಗುರುತ್ವದಿಂದ ಎಣ್ಣೆ ಬೇರ್ಪಡಿಸುವ ಎಪಿಐ ತೊಟ್ಟಿ ಸುಮಾರು 150 ಮೈಕ್ರಾನ್‌ವರೆಗಿನ ಹನಿಗಳನ್ನು ತೆಗೆಯುತ್ತದೆ, ಓರೆತಗಡುಗಳ ತೊಟ್ಟಿ 40ರವರೆಗೆ, ನೀರನ್ನು ಸುಳಿಯಂತೆ ತಿರುಗಿಸಿ ಎಣ್ಣೆ ಬೇರ್ಪಡಿಸುವ ಹೈಡ್ರೋಸೈಕ್ಲೋನ್ 10ರಿಂದ 15ರವರೆಗೆ. ಅನಿಲದ ಗುಳ್ಳೆಗಳಿಂದ ತೇಲಿಸುವ ಘಟಕ ರಾಸಾಯನಿಕದ ನೆರವಿದ್ದರೆ ಇನ್ನೂ ಸಣ್ಣ ಹನಿಗಳನ್ನು ಹಿಡಿಯುತ್ತದೆ. ಇವುಗಳಿಂದ ಆಗುವ ಕೆಲಸವನ್ನು ಖನಿಜದ ತಲೆಗೆ ಕಟ್ಟುವುದು ದುಬಾರಿ ಮೂರ್ಖತನ. ಖನಿಜ ಕೊನೆಯ ಹಂತದ ಆಳು. ತಪ್ಪಿಸಿಕೊಂಡ ಸಣ್ಣ ಹನಿಗಳು ಮತ್ತು ಕರಗಿದ ಅಣುಗಳು ಮಾತ್ರ ಅದರ ಪಾಲಿಗೆ ಬರಬೇಕು.

ಆರ್ಗನೋಕ್ಲೇ: ಹನಿಗಳಿಗೆ ಮೊದಲ ಆಯ್ಕೆ

ಬೆಂಟೊನೈಟ್‌ನ ಪದರಗಳ ನಡುವೆ ಸೋಡಿಯಂ ಅಥವಾ ಕ್ಯಾಲ್ಸಿಯಂ ಅಯಾನುಗಳಿರುತ್ತವೆ. ಅವನ್ನು ಹೊರಗೆ ಕಳಿಸಿ, ಉದ್ದನೆಯ ಇಂಗಾಲದ ಬಾಲವುಳ್ಳ ಚತುಷ್ಕ ಅಮೋನಿಯಂ ಅಯಾನುಗಳನ್ನು ಕೂರಿಸಿದರೆ ಜೇಡಿಯ ಸ್ವಭಾವವೇ ತಿರುಗಿಬೀಳುತ್ತದೆ. ನೀರನ್ನು ಹಿಡಿಯುತ್ತಿದ್ದದ್ದು ಈಗ ಎಣ್ಣೆಯನ್ನು ಹಿಡಿಯುತ್ತದೆ. ಇದೇ ಆರ್ಗನೋಕ್ಲೇ. ತೈಲ ಉದ್ಯಮಕ್ಕೆ ಇದು ಹೊಸ ಮುಖವೇನಲ್ಲ. ಬಾವಿ ಕೊರೆಯುವಾಗ ಒಳಗೆ ಹರಿಸುವ ಎಣ್ಣೆ ಆಧಾರಿತ ದ್ರವವನ್ನು, ಅಂದರೆ ಕೊರೆತದ ಕೆಸರನ್ನು, ಗಟ್ಟಿಗೊಳಿಸಲು ಇದನ್ನು ದಶಕಗಳಿಂದ ಬಳಸುತ್ತಿದ್ದಾರೆ. ಬಾವಿ ಕೊರೆಯಲು ಇಳಿದ ಜೇಡಿಯೇ ಬಾವಿಯ ಕೊಳೆ ತೊಳೆಯಲೂ ನಿಲ್ಲುತ್ತದೆ.

ತನ್ನ ತೂಕದ ಅರ್ಧದಷ್ಟು ಎಣ್ಣೆಯನ್ನು ಇದು ಹಿಡಿಯಬಲ್ಲದು ಎಂಬುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಮಾತು. ವಿನ್ಯಾಸದ ಲೆಕ್ಕಕ್ಕೆ ಅದರ ಅರ್ಧವನ್ನು ಮಾತ್ರ ನಂಬುವುದು ಕ್ಷೇಮ. ಎಣ್ಣೆ ಹೀರಿದಂತೆ ಹರಳುಗಳು ಉಬ್ಬುತ್ತವೆ, ಉಬ್ಬಿದಂತೆ ನೀರಿನ ದಾರಿ ಮುಚ್ಚುತ್ತದೆ. ಬರಿಯ ಆರ್ಗನೋಕ್ಲೇಯನ್ನು ಕಂಬದಲ್ಲಿ (ನೀರು ಹರಿದುಹೋಗುವ ಎತ್ತರದ ಕೊಳವೆಯಂಥ ಪಾತ್ರೆಯಲ್ಲಿ) ತುಂಬದೆ, ಸುಮಾರು 30 ಪಾಲು ಜೇಡಿಗೆ 70 ಪಾಲು ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲು ಬೆರೆಸಿ ಮಾರುವುದು ಇದೇ ಕಾರಣಕ್ಕೆ. ಮಾರಾಟಗಾರರು ಹೇಳುವ ಸಾಮರ್ಥ್ಯ ಬರಿಯ ಜೇಡಿಯದ್ದೋ ಮಿಶ್ರಣದ್ದೋ ಎಂದು ಕೇಳಿ ತಿಳಿದುಕೊಳ್ಳಿ. ಉತ್ತರದಲ್ಲಿ ಮೂರು ಪಟ್ಟು ವ್ಯತ್ಯಾಸವಿದೆ.

ಬಾಲದ ಉದ್ದವೂ ಮುಖ್ಯ. 1980ರ ದಶಕದಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬಾಯ್ಡ್ ಮತ್ತು ಮಾರ್ಟ್‌ಲ್ಯಾಂಡ್, ಅವರೊಂದಿಗೆ ಚಿಯೊ, ತೋರಿಸಿದಂತೆ 16 ಇಂಗಾಲದ ಉದ್ದ ಬಾಲಗಳು ಪದರಗಳ ನಡುವೆ ತೆಳುವಾದ ಎಣ್ಣೆಯ ಪೊರೆಯಂತೆ ವರ್ತಿಸುತ್ತವೆ. ಮಾಲಿನ್ಯ ಅದರೊಳಗೆ ಕರಗುತ್ತದೆ. ಇದಕ್ಕೆ ವಿಭಜನೆ ಎನ್ನುತ್ತಾರೆ. ಬಾಲವೇ ಇಲ್ಲದ ಸಣ್ಣ ಅಯಾನುಗಳನ್ನು ಕೂರಿಸಿದರೆ ಪದರಗಳ ನಡುವೆ ಗೂಟ ನಿಲ್ಲಿಸಿದಂತಾಗುತ್ತದೆ. ಆಗ ಬೆಂಜೀನ್ ಖನಿಜದ ಗೋಡೆಗೇ ಅಂಟುತ್ತದೆ. ಹನಿ ಎಣ್ಣೆಗೆ ಮೊದಲ ಬಗೆ ಬೇಕು. ಎರಡನೆಯದು ಬೆಂಜೀನ್‌ನಂಥ ಸಣ್ಣ ಅಣುಗಳಿಗೆ ಚೆನ್ನ, ಆದರೆ ಅಣು ದೊಡ್ಡದಾದಂತೆ ಕೈಕೊಡುತ್ತದೆ.

ಸರ್ಫ್ಯಾಕ್ಟೆಂಟ್ ಹೊದೆಸಿದ ಜಿಯೋಲೈಟ್: ಮತ್ತೆ ಮತ್ತೆ ಬಳಸುವುದಾದರೆ

ಜಿಯೋಲೈಟ್ ಎಂದರೆ ಒಳಗೆಲ್ಲ ಸೂಕ್ಷ್ಮ ಸುರಂಗಗಳಿರುವ ಖನಿಜ. ನೈಸರ್ಗಿಕ ಜಿಯೋಲೈಟ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕ್ಲಿನೊಪ್ಟಿಲೊಲೈಟ್. ಇದು ಗಟ್ಟಿ ಹರಳು. ನೀರಿಗೆ ಹಾಕಿದರೆ ಉಬ್ಬುವುದಿಲ್ಲ, ಕೆಸರಾಗುವುದಿಲ್ಲ, ಕಂಬದಲ್ಲಿ ಮರಳಿನಂತೆ ನಿಲ್ಲುತ್ತದೆ. ತಲೆ ನೀರನ್ನೂ ಬಾಲ ಎಣ್ಣೆಯನ್ನೂ ಬಯಸುವ, ಸಾಬೂನಿನಂಥ ಅಣುವೇ ಸರ್ಫ್ಯಾಕ್ಟೆಂಟ್. ಎಚ್‌ಡಿಟಿಎಂಎ ಎಂಬ 16 ಇಂಗಾಲದ ಬಾಲವುಳ್ಳ ಚತುಷ್ಕ ಅಮೋನಿಯಂ ಸರ್ಫ್ಯಾಕ್ಟೆಂಟನ್ನು ಇದಕ್ಕೆ ಸೇರಿಸಿದಾಗ ಆ ಅಣು ದೊಡ್ಡದಾದ್ದರಿಂದ ಒಳಗಿನ ಸುರಂಗಗಳಿಗೆ ತೂರಲಾರದೆ ಹೊರಮೈಮೇಲೆ ಎರಡು ಪದರಗಳಾಗಿ ಕೂರುತ್ತದೆ. ಮೊದಲ ಪದರದ ತಲೆ ಖನಿಜದ ಕಡೆಗೆ, ಎರಡನೆಯದರ ತಲೆ ನೀರಿನ ಕಡೆಗೆ, ನಡುವೆ ಬಾಲಗಳ ಎಣ್ಣೆಪೊರೆ. ಕರಗಿದ ಬಿಟೆಕ್ಸ್ ಸೇರುವುದು ಆ ಪೊರೆಗೆ.

ಬಾವಿನೀರಿಗೆ ಇದನ್ನು ಗಂಭೀರವಾಗಿ ಪರೀಕ್ಷಿಸಿದವರು ನ್ಯೂ ಮೆಕ್ಸಿಕೊ ಟೆಕ್, ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ ಮತ್ತು ಲಾಸ್ ಅಲಮೋಸ್ ಪ್ರಯೋಗಾಲಯದ ಸಂಶೋಧಕರು, 2000ದ ದಶಕದಲ್ಲಿ. ಅವರ ಕೆಲಸದಿಂದ ಎರಡು ಸಂಗತಿಗಳು ಗಟ್ಟಿಯಾಗಿ ತಿಳಿದುಬಂದವು. ತುಂಬಿದ ಕಂಬಕ್ಕೆ ಗಾಳಿ ಊದಿದರೆ ಬಿಟೆಕ್ಸ್ ಆವಿಯಾಗಿ ಹೊರಬೀಳುತ್ತದೆ, ಖನಿಜವನ್ನು ಮತ್ತೆ ಬಳಸಬಹುದು. ಹಾಗೆ ಹೊರಬಂದ ಆವಿಯನ್ನು ಬ್ಯಾಕ್ಟೀರಿಯಾಗಳಿರುವ ಜೈವಿಕ ಘಟಕಕ್ಕೆ ಕಳಿಸಿ ಅಲ್ಲಿ ತಿನ್ನಿಸಬಹುದು. ಅಸಿಟಿಕ್ ಆಮ್ಲದಂಥ ಸಣ್ಣ ಆಮ್ಲಗಳನ್ನು ಮಾತ್ರ ಈ ಜಿಯೋಲೈಟ್ ಹಿಡಿಯುವುದಿಲ್ಲ, ಅದಕ್ಕೆ ಸೋಸುವ ಪೊರೆಯುಳ್ಳ ಜೈವಿಕ ಘಟಕವನ್ನು ಜೋಡಿಸಬೇಕಾಯಿತು.

ಗಾಳಿ ಊದುವುದು ಹೇಳಿದಷ್ಟು ಸಲೀಸಲ್ಲ. ನೀರಿನಲ್ಲಿ ಕರಗಿದ ಕಬ್ಬಿಣ ಗಾಳಿ ತಾಗಿದೊಡನೆ ತುಕ್ಕಾಗಿ ಹರಳುಗಳ ಮೇಲೆ ಕೂರುತ್ತದೆ. ಗಾಳಿ ಇಂಗಾಲದ ಡೈಆಕ್ಸೈಡನ್ನೂ ಹೊರದೂಡುವುದರಿಂದ ಪಿಎಚ್ ಏರಿ ಕ್ಯಾಲ್ಸಿಯಂ ಕಾರ್ಬೊನೇಟ್ ಕಟ್ಟಿಕೊಳ್ಳುತ್ತದೆ. ಕಂಬದಲ್ಲಿರುವ ನೀರನ್ನು ಪೂರ್ತಿ ಬಸಿದ ಮೇಲೆ ಊದಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ನ್ಯಾಫ್ತಲೀನ್‌ಗಿಂತ ಭಾರವಾದ ಅಣುಗಳು ಗಾಳಿಗೆ ಜಗ್ಗುವುದಿಲ್ಲ, ಸುತ್ತಿನಿಂದ ಸುತ್ತಿಗೆ ಸಂಗ್ರಹವಾಗುತ್ತ ಹೋಗುತ್ತವೆ. ಎಣ್ಣೆಯ ಹನಿಗಳು ಬಂದು ಕೂತರೂ ಇದೇ ಕಥೆ. ಆದ್ದರಿಂದ ಈ ಜಿಯೋಲೈಟ್‌ನ ಮುಂದೆ ಹನಿಗಳನ್ನು ತಡೆಯುವ ಆರ್ಗನೋಕ್ಲೇ ಅಥವಾ ಬೇರೊಂದು ಸೋಸುಕ ಇರಬೇಕು.

ಅರ್ಧ ಕಿಲೋಗೆ ಹತ್ತು ಟನ್

ಈ ಹೋಲಿಕೆಯ ತಿರುಳು ಒಂದು ಲೆಕ್ಕದಲ್ಲಿದೆ. ದಿನಕ್ಕೆ 100 ಘನ ಮೀಟರ್ ನೀರು ಬರುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಲೀಟರಿಗೆ 20 ಮಿಲಿಗ್ರಾಂ ಎಣ್ಣೆಹನಿ, 5 ಮಿಲಿಗ್ರಾಂ ಬೆಂಜೀನ್. ಅಂದರೆ ದಿನಕ್ಕೆ 2 ಕಿಲೋ ಎಣ್ಣೆ, ಅರ್ಧ ಕಿಲೋ ಬೆಂಜೀನ್.

ಎಣ್ಣೆಯ ಲೆಕ್ಕ ಸುಲಭ. ಆರ್ಗನೋಕ್ಲೇ ತನ್ನ ತೂಕದ ಕಾಲುಭಾಗ ಹಿಡಿದರೂ ದಿನಕ್ಕೆ 8 ಕಿಲೋ ಸಾಕು, ವರ್ಷಕ್ಕೆ ಸುಮಾರು 3 ಟನ್. ಸಣ್ಣ ಸ್ಥಾವರವೂ ನಿಭಾಯಿಸಬಹುದಾದ ಹೊರೆ ಅದು.

ಬೆಂಜೀನ್‌ನ ಲೆಕ್ಕ ಬೇರೆಯೇ. ವಿಭಜನೆಯಿಂದ ಹಿಡಿಯುವ ಖನಿಜಗಳಿಗೆ ತೂಕದ ಮಿತಿ ಅನ್ವಯಿಸುವುದಿಲ್ಲ, ಅನ್ವಯಿಸುವುದು ವಿಭಜನಾ ಗುಣಾಂಕ: ಒಂದು ಕಿಲೋ ಖನಿಜ ಎಷ್ಟು ಲೀಟರ್ ನೀರಿನಲ್ಲಿರುವ ಮಾಲಿನ್ಯಕ್ಕೆ ಸಮನಾಗಿ ನಿಲ್ಲುತ್ತದೆ ಎಂಬ ಅಂಕಿ. ಬೆಂಜೀನ್‌ಗೆ ಅದು 10 ಎಂದು ಹಿಡಿಯೋಣ. ಒಂದು ಲೀಟರ್ ಜಾಗದಲ್ಲಿ ಸುಮಾರು ಒಂದು ಕಿಲೋ ಖನಿಜ ಕೂರುವುದರಿಂದ, ಕಂಬದ ಗಾತ್ರದ ಹತ್ತು ಪಟ್ಟು ನೀರು ಹರಿದೊಡನೆ ಬೆಂಜೀನ್ ಆಚೆ ಇಣುಕುತ್ತದೆ. ದಿನದ 100 ಘನ ಮೀಟರಿಗೆ 10 ಘನ ಮೀಟರ್, ಅಂದರೆ 10 ಟನ್ ಖನಿಜ ಬೇಕು. ಅದು ಪ್ರತಿದಿನ ಬೇಕು. ಎರಡು ಕಿಲೋ ಎಣ್ಣೆಗೆ 8 ಕಿಲೋ ಜೇಡಿ ಸಾಕಾಗಿತ್ತು, ಅರ್ಧ ಕಿಲೋ ಬೆಂಜೀನ್‌ಗೆ 10 ಟನ್!

ಬೆಂಜೀನ್ ಸಾಂದ್ರತೆ 5ರಿಂದ 1 ಮಿಲಿಗ್ರಾಂಗೆ ಇಳಿದರೆ ಖನಿಜವೂ ಕಡಿಮೆ ಸಾಲುತ್ತದೆ ಎಂದು ಯಾರಾದರೂ ಎಣಿಸಬಹುದು. ಇಲ್ಲ, ಗುಣಾಂಕ ಬದಲಾಗುವುದಿಲ್ಲ, ಕಂಬ ಅದೇ ಹೊತ್ತಿಗೆ ತುಂಬುತ್ತದೆ. ಕ್ಸೈಲೀನ್‌ನ ಗುಣಾಂಕ ಬೆಂಜೀನ್‌ನದಕ್ಕಿಂತ ಹಲವು ಪಟ್ಟು ಹೆಚ್ಚಿರುವುದರಿಂದ ಅದು ಬಹಳ ಕಾಲ ಒಳಗೇ ಉಳಿಯುತ್ತದೆ. ನಾಲ್ವರಲ್ಲಿ ಬೇಗ ಓಡುವುದು ಬೆಂಜೀನ್, ನಾಲ್ವರಲ್ಲಿ ಅಪಾಯಕಾರಿಯೂ ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಕುಡಿಯುವ ನೀರಿನ ಮಾರ್ಗಸೂಚಿಯಲ್ಲಿ ಬೆಂಜೀನ್‌ಗೆ ಲೀಟರಿಗೆ 0.01 ಮಿಲಿಗ್ರಾಂ ಮಾತ್ರ. ಆದ್ದರಿಂದ ಮಾಹಿತಿಪತ್ರದಲ್ಲಿ ‘ಬಿಟೆಕ್ಸ್ ನಿವಾರಣೆ’ ಎಂಬ ಒಟ್ಟು ಅಂಕಿಯನ್ನು ನಂಬಬೇಡಿ, ಬೆಂಜೀನ್‌ನ ಅಂಕಿಯನ್ನು ಬೇರೆಯಾಗಿ ಕೇಳಿ.

ವಿಭಜನೆಯ ಖನಿಜದಿಂದ ಬೆಂಜೀನ್ ತೆಗೆಯುವುದಿದ್ದರೆ ಸ್ಥಳದಲ್ಲೇ ಪುನರುಜ್ಜೀವನ (ತುಂಬಿದ ಖನಿಜವನ್ನು ಬರಿದುಮಾಡಿ ಮತ್ತೆ ಬಳಸುವುದು) ಅನಿವಾರ್ಯ ಎಂದು ನಾನು ಹೇಳುವುದು ಈ ಲೆಕ್ಕದಿಂದ. ಅದಕ್ಕೆ ವ್ಯವಸ್ಥೆ ಇಲ್ಲದಿದ್ದರೆ ಬೆಂಜೀನ್‌ನ ಕೆಲಸವನ್ನು ಸಕ್ರಿಯ ಇಂಗಾಲಕ್ಕೋ, ನೀರಿಗೇ ನೇರವಾಗಿ ಗಾಳಿ ಊದಿ ಬೆಂಜೀನ್ ಹಾರಿಸುವ ವಿಧಾನಕ್ಕೋ ಒಪ್ಪಿಸುವುದು ಮೇಲು.

ಇಂಗಾಲವನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ

ಸಕ್ರಿಯ ಇಂಗಾಲ ಖನಿಜವಲ್ಲ, ಆದರೂ ಯಾವ ಹೋಲಿಕೆಯೂ ಅದಿಲ್ಲದೆ ಪೂರ್ತಿಯಾಗದು. ಕರಗಿದ ಬೆಂಜೀನ್ ಕಡಿಮೆ ಸಾಂದ್ರತೆಯಲ್ಲಿದ್ದಾಗ ಅದನ್ನು ಹಿಡಿಯುವುದರಲ್ಲಿ ಇಂಗಾಲ ಮೇಲಿನ ಎರಡು ಖನಿಜಗಳಿಗಿಂತ ಸ್ಪಷ್ಟವಾಗಿ ಮುಂದೆ. ಅದರ ಶತ್ರು ಎಣ್ಣೆಹನಿ. ಸೂಕ್ಷ್ಮರಂಧ್ರಗಳ ಬಾಯಿಗೆ ಎಣ್ಣೆ ಮೆತ್ತಿಕೊಂಡರೆ ಒಳಗಿನ ಜಾಗವೆಲ್ಲ ಖಾಲಿಯಿದ್ದೂ ಇಲ್ಲದಂತೆ. ಮತ್ತೆ ಬಳಸಬೇಕಾದರೆ 800 ಡಿಗ್ರಿಗಿಂತ ಹೆಚ್ಚಿನ ಕುಲುಮೆ ಬೇಕು, ಬಾವಿಯ ಪಕ್ಕದಲ್ಲಿ ಅದು ಇರುವುದಿಲ್ಲ. ಹೀಗಾಗಿ ಮುಂದೆ ಆರ್ಗನೋಕ್ಲೇ, ಹಿಂದೆ ಇಂಗಾಲ ಎಂಬ ಜೋಡಿ ಬಹಳ ಕಡೆ ಬಳಕೆಯಲ್ಲಿದೆ. ಜೇಡಿ ಹನಿಗಳನ್ನು ತಡೆದು ಇಂಗಾಲದ ಆಯುಸ್ಸನ್ನು ಕಾಯುತ್ತದೆ. ದಿನದ ನೀರು ಕಡಿಮೆ, ಸ್ಥಳ ಇಕ್ಕಟ್ಟು, ನೋಡಿಕೊಳ್ಳುವ ಜನ ಕಡಿಮೆ ಎಂದಾದರೆ ನನ್ನ ಮತ ಈ ಜೋಡಿಗೆ.

ಉಳಿದ ಅಭ್ಯರ್ಥಿಗಳು

ಸಿಲಿಕಾ ಹೆಚ್ಚಿರುವ ಕೃತಕ ಜಿಯೋಲೈಟ್‌ಗಳು, ಉದಾಹರಣೆಗೆ ಸಿಲಿಕಲೈಟ್, ಸ್ವಭಾವತಃ ನೀರನ್ನು ಒಲ್ಲವು. ಸುಮಾರು 0.55 ನ್ಯಾನೊಮೀಟರಿನ ರಂಧ್ರಕ್ಕೆ ಬೆಂಜೀನ್ ಬಿಗಿಯಾಗಿ ತೂರಿ ಕೂರುತ್ತದೆ, ಆದ್ದರಿಂದ ಹಿಡಿತ ಬಲವಾದದ್ದು. 500 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟರೂ ಹರಳು ಕೆಡುವುದಿಲ್ಲ, ತೊಳೆದುಹೋಗಲು ಸರ್ಫ್ಯಾಕ್ಟೆಂಟೂ ಇಲ್ಲ. ಆದರೆ ಬೆಲೆ ನೈಸರ್ಗಿಕ ಖನಿಜಗಳ ಹತ್ತಿರಕ್ಕೂ ಬರುವುದಿಲ್ಲ, ದೊಡ್ಡ ಅಣುಗಳಿಗೆ ಬಾಗಿಲು ಮುಚ್ಚಿದೆ. ಮೊದಲೇ ಚೆನ್ನಾಗಿ ಸೋಸಿದ, ಬೆಂಜೀನ್ ಒಂದೇ ತಲೆನೋವಾಗಿ ಉಳಿದ ನೀರಿಗೆ ಮಾತ್ರ ಯೋಚಿಸಬಹುದು.

ಡಯಾಟಮೈಟ್ (ಸೂಕ್ಷ್ಮ ಪಾಚಿಗಳ ಚಿಪ್ಪಿನಿಂದಾದ ಹಗುರ ಮಣ್ಣು) ಮತ್ತು ಉಬ್ಬಿಸಿದ ಪರ್ಲೈಟ್ (ಜ್ವಾಲಾಮುಖಿಯ ಗಾಜು) ಅಗ್ಗ. ಇವು ಸೋಸುವ ಕೆಲಸಕ್ಕೆ, ಹನಿ ಹಿಡಿಯುವುದಕ್ಕೆ ಸರಿ. ಕರಗಿದ್ದನ್ನು ಹಿಡಿಯುತ್ತವೆ ಎಂದು ಯಾರಾದರೂ ಹೇಳಿದರೆ ಪುರಾವೆ ಕೇಳಿ.

ಸೆಪಿಯೊಲೈಟ್ ಮತ್ತು ಅಟಾಪಲ್ಗೈಟ್ ನಾರಿನಂಥ ಜೇಡಿಗಳು. ಉಪ್ಪುನೀರಿನಲ್ಲಿ ಬೆಂಟೊನೈಟ್ ಸೊರಗುತ್ತದೆ, ಇವು ಸೊರಗುವುದಿಲ್ಲ. ಉಪ್ಪುನೀರಿನ ಕೊರೆತದ ಕೆಸರಿಗೆ ಅಟಾಪಲ್ಗೈಟ್ ಬಳಸುವುದು ಅದಕ್ಕಾಗಿಯೇ. ಸಾವಯವ ಅಣುಗಳ ವಿಷಯದಲ್ಲಿ ಮಾತ್ರ ಹೊದಿಕೆಯಿಲ್ಲದೆ ಇವುಗಳ ಸಾಧನೆ ಸಾಧಾರಣ.

ಹೈಡ್ರೋಟಾಲ್ಸೈಟ್ ಎಲ್ಲಕ್ಕಿಂತ ಭಿನ್ನ. ಇದರ ಪದರಗಳು ಧನ ಆವೇಶದವು, ಹಾಗಾಗಿ ಆಮ್ಲಗಳ ಋಣ ಅಯಾನುಗಳನ್ನು ಸೆಳೆಯುತ್ತವೆ. ಸುಮಾರು 500 ಡಿಗ್ರಿಗೆ ಕಾಯಿಸಿದ ಹೈಡ್ರೋಟಾಲ್ಸೈಟ್ ನೀರಿಗೆ ಬಿದ್ದಾಗ ತನ್ನ ಪದರಗಳನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಳ್ಳುವಾಗ ಸಿಕ್ಕ ಋಣ ಅಯಾನುಗಳನ್ನು ಒಳಗೆಳೆದುಕೊಳ್ಳುತ್ತದೆ. ನ್ಯಾಫ್ತೆನಿಕ್ ಆಮ್ಲದ ಸಮಸ್ಯೆಗೆ ಹೇಳಿ ಮಾಡಿಸಿದಂತಿದೆ, ಅಲ್ಲವೇ? ಬಾವಿನೀರಿನಲ್ಲಿ ಕ್ಲೋರೈಡ್, ಕಾರ್ಬೊನೇಟ್, ಸಲ್ಫೇಟ್‌ಗಳ ಜಾತ್ರೆಯೇ ಇರುತ್ತದೆ, ಅವೇ ಮೊದಲು ಒಳಗೆ ನುಗ್ಗುತ್ತವೆ. ಉಪ್ಪು ತೀರ ಕಡಿಮೆಯಿರುವ ನೀರಿಗೆ ಮಾತ್ರ ಇದರ ಮಾತು. ಉಳಿದೆಡೆ ಸಣ್ಣ ಆಮ್ಲಗಳನ್ನು ಬ್ಯಾಕ್ಟೀರಿಯಾಗಳಿಗೆ ಬಿಡಿ, ಅವು ಇಷ್ಟಪಟ್ಟು ತಿನ್ನುತ್ತವೆ.

ಉಪ್ಪು ಮಿತ್ರನೋ ಶತ್ರುವೋ

ಎರಡೂ ಹೌದು. ತಟಸ್ಥ ಅಣುಗಳನ್ನು ಉಪ್ಪು ನೀರಿನಿಂದ ಹೊರದೂಡುತ್ತದೆ. ಲೀಟರಿಗೆ 58 ಗ್ರಾಂ ಅಡುಗೆಉಪ್ಪಿದ್ದರೆ ಬೆಂಜೀನ್‌ನ ಕರಗುವಿಕೆ ಸುಮಾರು ಮೂರನೇ ಒಂದು ಭಾಗ ತಗ್ಗುತ್ತದೆ, ಅಷ್ಟರಮಟ್ಟಿಗೆ ಖನಿಜದ ಗುಣಾಂಕ ಏರುತ್ತದೆ. ಸಿಹಿನೀರಿನಲ್ಲಿ ಪರೀಕ್ಷಿಸಿದ ಆರ್ಗನೋಕ್ಲೇ ಉಪ್ಪುನೀರಿನಲ್ಲಿ ಬೆಂಜೀನ್ ವಿಷಯಕ್ಕೆ ಇನ್ನೂ ಚೆನ್ನಾಗಿ ಕೆಲಸ ಮಾಡಿದರೆ ಅಚ್ಚರಿಪಡಬೇಕಿಲ್ಲ. ಆವೇಶವನ್ನು ನೆಚ್ಚಿಕೊಂಡ ಖನಿಜಗಳ ಪಾಡು ಇದಕ್ಕೆ ತದ್ವಿರುದ್ಧ. ನೀರು ಬಿಸಿಯಾಗಿದ್ದರೆ ಎಲ್ಲ ಖನಿಜಗಳ ಹಿಡಿತವೂ ಸಾಮಾನ್ಯವಾಗಿ ಸಡಿಲ.

ತುಂಬಿದ ಮೇಲೆ

ಎಣ್ಣೆ ಹೀರಿದ ಆರ್ಗನೋಕ್ಲೇಯನ್ನು ಸ್ಥಳದಲ್ಲಿ ಶುದ್ಧಮಾಡಿ ಮತ್ತೆ ಬಳಸುವುದು ಅಪರೂಪ. ಅದು ಅಪಾಯಕಾರಿ ತ್ಯಾಜ್ಯವಾಗಿ ಹೂಳಲೋ ಸುಡಲೋ ಹೋಗುತ್ತದೆ. ಸಾಗಣೆ ಮತ್ತು ವಿಲೇವಾರಿಯ ವೆಚ್ಚ ಖನಿಜದ ಬೆಲೆಯನ್ನೇ ಮೀರಿ ಮೂಗಿಗಿಂತ ಮೂಗುತಿ ಭಾರವಾಗುವ ಸಂದರ್ಭಗಳಿವೆ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಆ ದರವನ್ನು ಬರೆಸಿಕೊಳ್ಳಿ.

ಇನ್ನೊಂದು ವಿಷಯ ಬಹಳ ಮಂದಿಯ ಗಮನಕ್ಕೆ ಬರುವುದಿಲ್ಲ. ಭೂಗರ್ಭದ ಉಪ್ಪುನೀರಿನಲ್ಲಿ ವಿಕಿರಣ ಸೂಸುವ ರೇಡಿಯಂ-226 ಮತ್ತು 228 ಇರಬಹುದು. ಜಿಯೋಲೈಟ್ ಮತ್ತು ಜೇಡಿಗಳು ಹೇಗೂ ಧನ ಅಯಾನುಗಳನ್ನು ವಿನಿಮಯ ಮಾಡಿಕೊಳ್ಳುವ ಖನಿಜಗಳು. ಬೆಂಜೀನ್‌ಗಾಗಿ ಇಟ್ಟ ಜಿಯೋಲೈಟ್ ಸುತ್ತು ಸುತ್ತು ಓಡುತ್ತ ತನ್ನ ಒಳಸುರಂಗಗಳಲ್ಲಿ ರೇಡಿಯಂ ಕೂಡಿಹಾಕುತ್ತಿರಬಹುದು. ಎಷ್ಟು ಹೆಚ್ಚು ಸಲ ಪುನರುಜ್ಜೀವನ ಮಾಡಿದಿರೋ ಅಷ್ಟು ಹೆಚ್ಚು ಸಂಗ್ರಹ. ಕೊನೆಗೆ ವಿಲೇವಾರಿಗೆ ಒಯ್ದಾಗ ವಿಕಿರಣ ಮಾಪಕ ಕೂಗಿಕೊಂಡರೆ ಆ ಖನಿಜವನ್ನು ಸ್ವೀಕರಿಸುವ ಜಾಗವೇ ಸಿಗದು. ಮೂಲ ನೀರಿನಲ್ಲಿ ರೇಡಿಯಂ ಪರೀಕ್ಷೆಯನ್ನು ಆರಂಭದಲ್ಲೇ ಮಾಡಿಸಿ. ಅಂಕಿ ಹೆಚ್ಚಿದ್ದರೆ ಜಿಯೋಲೈಟ್ ಬಿಟ್ಟು ಬೇರೆ ದಾರಿ ಹಿಡಿಯುವುದು ಒಳ್ಳೆಯದು.

ಸರ್ಫ್ಯಾಕ್ಟೆಂಟ್ ಸೋರಿಕೆಯೂ ಗಮನದಲ್ಲಿರಲಿ. ಚತುಷ್ಕ ಅಮೋನಿಯಂ ಲವಣಗಳು ಜಲಚರಗಳಿಗೆ ವಿಷ, ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಗುಣವೂ ಇದೆ. ಹೊಸ ಕಂಬದ ಮೊದಲ ನೀರನ್ನು ನೇರವಾಗಿ ಜೈವಿಕ ಘಟಕಕ್ಕೆ ಬಿಟ್ಟರೆ ಅಲ್ಲಿನ ಬ್ಯಾಕ್ಟೀರಿಯಾಗಳು ಸೊರಗಬಹುದು. ಚೆನ್ನಾಗಿ ತೊಳೆದು, ಆ ತೊಳೆನೀರನ್ನು ಬೇರೆ ತೊಟ್ಟಿಗೆ ತೆಗೆದುಕೊಳ್ಳಿ.

ಪರೀಕ್ಷೆಯಲ್ಲಿ ಮೋಸಹೋಗದಿರಲು

ಬಾಟಲಿಯಲ್ಲಿ ನೀರು ಮತ್ತು ಖನಿಜ ಹಾಕಿ ಕುಲುಕುವ ಪರೀಕ್ಷೆ ಎಲ್ಲರೂ ಮಾಡುತ್ತಾರೆ. ಬಾಟಲಿಯ ಕುತ್ತಿಗೆಯಲ್ಲಿ ಎರಡು ಬೆರಳಷ್ಟು ಗಾಳಿ ಉಳಿದಿದ್ದರೆ ಬೆಂಜೀನ್ ಆ ಗಾಳಿಗೆ ಏರುತ್ತದೆ, ಮುಚ್ಚಳ ತೆರೆದೊಡನೆ ಹಾರುತ್ತದೆ, ಕೀರ್ತಿ ಮಾತ್ರ ಖನಿಜಕ್ಕೆ ಸಲ್ಲುತ್ತದೆ. ಗಾಜಿನ ಬಾಟಲಿ, ಟೆಫ್ಲಾನ್ ಒಳಪದರದ ಮುಚ್ಚಳ, ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಳದವರೆಗೆ ನೀರು. ಪಕ್ಕದಲ್ಲಿ ಖನಿಜ ಹಾಕದ ಬಾಟಲಿಯನ್ನೂ ಅಷ್ಟೇ ಹೊತ್ತು ಕುಲುಕಬೇಕು. ಖನಿಜವಿಲ್ಲದ ಆ ಬಾಟಲಿಯಲ್ಲೂ ಬೆಂಜೀನ್ ಕಡಿಮೆಯಾಗಿದ್ದರೆ ನಿಮ್ಮ ಅಂಕಿಗಳಿಗೆ ಅರ್ಥವಿಲ್ಲ. ಮಾದರಿ ನೀರನ್ನು ಪ್ಲಾಸ್ಟಿಕ್ ಕ್ಯಾನಿನಲ್ಲಿ ತಂದರೆ ಪರೀಕ್ಷೆ ಶುರುವಾಗುವ ಮೊದಲೇ ಕೆಟ್ಟಿತು, ಬೆಂಜೀನ್ ಪ್ಲಾಸ್ಟಿಕ್ಕಿಗೂ ಇಳಿಯುತ್ತದೆ.

ಬಾಟಲಿ ಪಾಸಾದ ಖನಿಜಗಳನ್ನು ಸಣ್ಣ ಕಂಬಗಳಲ್ಲಿ, ಬಾವಿಯ ನಿಜವಾದ ನೀರಿನಿಂದ ಓಡಿಸಿ. ಬಟ್ಟಿ ಇಳಿಸಿದ ನೀರಿಗೆ ಬೆಂಜೀನ್ ಬೆರೆಸಿದ ಕೃತಕ ದ್ರಾವಣದಲ್ಲಿ ಕಬ್ಬಿಣ, ಹನಿ, ತುಕ್ಕುತಡೆ ರಾಸಾಯನಿಕ ಯಾವುದೂ ಇರುವುದಿಲ್ಲ. ಕಂಬದ ಆಚೆ ಬೆಂಜೀನ್ ಕಾಣಿಸಿಕೊಂಡ ಕೂಡಲೇ ನಿಲ್ಲಿಸದೆ ಇನ್ನೂ ಸ್ವಲ್ಪ ಹೊತ್ತು ಓಡಲು ಬಿಡಿ. ವಿಭಜನೆಯ ಖನಿಜವಾದರೆ ಹೊರಬರುವ ಬೆಂಜೀನ್ ಒಳಹೋಗುವ ಮಟ್ಟಕ್ಕೆ ಏರಿ ಅಲ್ಲೇ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಅಣುಗಳ ನಡುವೆ ಜಾಗದ ಜಗಳ ಹೆಚ್ಚಿಲ್ಲ. ಇಂಗಾಲದ ಕಂಬದಲ್ಲಿ ಕ್ಸೈಲೀನ್ ಬಂದು ಬೆಂಜೀನನ್ನು ಎಬ್ಬಿಸಿ ಕಳಿಸುವುದರಿಂದ ಕೆಲಕಾಲ ಒಳಹೋದದ್ದಕ್ಕಿಂತ ಹೆಚ್ಚು ಬೆಂಜೀನ್ ಹೊರಬರಬಹುದು. ಇಂಗಾಲವನ್ನೇ ಆರಿಸುವುದಾದರೆ ಎರಡು ಕಂಬಗಳನ್ನು ಸಾಲಾಗಿ ನಿಲ್ಲಿಸಿ, ಮಾದರಿ ತೆಗೆಯುವ ನಲ್ಲಿಯನ್ನು ಅವುಗಳ ನಡುವೆ ಇಡಿ. ಅಲ್ಲಿ ಬೆಂಜೀನ್ ಕಂಡ ದಿನವೇ ಮೊದಲ ಕಂಬ ಬದಲಾಗಬೇಕು.